ಕಲಬುರಗಿಗೆ ಹೋಗು ಅಂದೆ

ಹೋದ ವಾರ ರಾತ್ರಿ ಹನ್ನೊಂದಕ್ಕೆ ಅಕ್ಕನ ಮಗಳ ಫೋನ್. ತುಮಕೂರಲ್ಲಿ ಎಂಬಿಎ ಮುಗಿಸಿದವಳು, ಎರಡು ವರ್ಷದಿಂದ ಬೆಂಗಳೂರಲ್ಲಿ ಸೋಪು, ಶಾಂಪೂ, ಟೂತ್‌ಪೇಸ್ಟ್ ಮಾರುವ ಕಂಪನಿಯೊಂದರ ಡಿಜಿಟಲ್ ತಂಡದಲ್ಲಿದ್ದಾಳೆ. "ಚಿಕ್ಕಮ್ಮ, ನನ್ನನ್ನ ಕಲಬುರಗಿಗೆ ಹಾಕ್ತಿದ್ದಾರೆ. ಸೇಲ್ಸ್‌ಗೆ. ನಾನೇನು ತಪ್ಪು ಮಾಡಿದೆ?" ಅಂತ ಅಳು. ಬೆಳಿಗ್ಗೆ ಮಾತಾಡೋಣ ಮಲ್ಕೋ ಅಂದು ಫೋನಿಟ್ಟೆ. ನನಗೇ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವಳಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹಿಡಿದು ಕೂತ ಹುಡುಗ ಹುಡುಗಿಯರು ಈಗ ಬಹಳ ಜನ ಇದ್ದಾರೆ.

ಅವಳ ತಂಡದಲ್ಲಿ ಆರು ಜನ ಮಾಡುತ್ತಿದ್ದ ಕೆಲಸಕ್ಕೆ ಈಗ ಇಬ್ಬರು ಸಾಕಾಗಿದ್ದಾರೆ. ಪೋಸ್ಟಿಗೆ ಸಾಲು ಬರೆಯುವುದು, ಒಂದೇ ಜಾಹೀರಾತನ್ನು ಹತ್ತು ಅಳತೆಗೆ ಕತ್ತರಿಸುವುದು, ಸೋಮವಾರದ ರಿಪೋರ್ಟು, ಎಲ್ಲವನ್ನೂ ಎಐ ಮಾಡಿಕೊಡುತ್ತಿದೆ. ನಾನು ಮಾರ್ಕೆಟಿಂಗ್ ಕೆಲಸಕ್ಕೆ ಬಂದು 19 ವರ್ಷ. ಇಷ್ಟರಲ್ಲಿ ಕಾಲಡಿಯ ನೆಲ ಎಷ್ಟು ಸಲ ಸರಿದಿದೆಯೋ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು, ಹಳ್ಳಿಯ ಜಗಲಿಯಲ್ಲೂ ವಿಡಿಯೊ ಓಡಿತು. ಕೆಲವರು ಟಿಕ್‌ಟಾಕನ್ನೇ ನಂಬಿ ವೃತ್ತಿ ಕಟ್ಟಿಕೊಂಡರು. 2020ರ ಜೂನ್ 29ರಂದು ಅದಕ್ಕೆ ನಿಷೇಧ ಬಿತ್ತು. ವೆಬ್‌ಸೈಟಿಗೆ ಬಂದವರ ಲೆಕ್ಕ ಕೊಡುತ್ತಿದ್ದ, ಹತ್ತು ವರ್ಷ ಕೈಗೆ ಒಗ್ಗಿದ್ದ ಗೂಗಲ್ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈನಲ್ಲಿ ನಿಂತೇಹೋಯಿತು. ನನಗೆ ಗೊತ್ತಿದ್ದ ಉಪಕರಣಗಳಲ್ಲಿ ಅರ್ಧ ಇವತ್ತು ಇಲ್ಲ. ಗೊತ್ತಿದ್ದ ಜನ ಮಾತ್ರ ಇದ್ದಾರೆ. ಅವರು ಯಾವಾಗ ಕೊಳ್ಳುತ್ತಾರೆ, ಯಾಕೆ ಕೊಳ್ಳುವುದಿಲ್ಲ ಅನ್ನುವ ತಿಳಿವಳಿಕೆಯೊಂದೇ ನನ್ನ ಜೊತೆ ಇಲ್ಲಿಯವರೆಗೆ ಬಂದಿದೆ.

ಆ ತಿಳಿವಳಿಕೆ ನನಗೆ ಸಿಕ್ಕಿದ್ದು ಗದಗ ಕಡೆ. 2009ರಲ್ಲಿ ನನ್ನನ್ನೂ ಹೀಗೇ ಹಾಕಿದ್ದರು, ನಾನೂ ಅತ್ತಿದ್ದೆ. ದಾವಣಗೆರೆಯಿಂದಾಚೆ ಒಬ್ಬಳೇ ಇದ್ದು ಅಭ್ಯಾಸ ಇರಲಿಲ್ಲ. ಡಿಸ್ಟ್ರಿಬ್ಯೂಟರ್ ಗಾಡಿಯಲ್ಲಿ ಸೇಲ್ಸ್‌ಮನ್ ಜೊತೆ ಬೀಟ್, ಅಂದರೆ ಗೊತ್ತಾದ ದಿನ ಗೊತ್ತಾದ ಅಂಗಡಿಗಳ ಸುತ್ತು, ಹೋಗಬೇಕು, ದಿನಕ್ಕೆ ಮೂವತ್ತು ನಲವತ್ತು ಕಿರಾಣಿ ಅಂಗಡಿ. ಒಂದು ಊರಿನಲ್ಲಿ ನಮ್ಮ ಮಾಲು ಮೂರು ತಿಂಗಳಿಂದ ಕದಲಿರಲಿಲ್ಲ. ಬ್ಯಾನರ್ ಕಟ್ಟಿಸಿದೆವು, ಅಂಗಡಿಗೆ ಸ್ಕೀಮ್ ಕೊಟ್ಟೆವು. ಏನೂ ಆಗಲಿಲ್ಲ. ಆಫೀಸಿನವರು ಹೊಸ ಜಾಹೀರಾತಿನ ಮಾತಾಡುತ್ತಿದ್ದರು. ಕೊನೆಗೆ ಆ ಅಂಗಡಿಯ ಅಜ್ಜಾರು ಹೇಳಿದರು: "ಮೇಡಂರೀ, ನೀವು ಸಂತಿ ಮುಗದ ಮರುದಿನ ಬರ್ತೀರಿ. ಆವಾಗ ನನ್ನ ಗಲ್ಲಾದಾಗ ರೊಕ್ಕ ಇರ್ತದ ಖರೆ, ಆದ್ರ ಮಂದಿ ಕೈಯಾಗ ಇರಂಗಿಲ್ರೀ. ಸಂತಿ ಹಿಂದಿನ ದಿನ ಬಂದು ಮಾಲ್ ಇಳಸ್ರಿ. ಕೂಲಿ ಪಗಾರ ಆಗೋದು ಸಂತಿ ದಿನ."

ಬೀಟಿನ ದಿನ ಬದಲಾಯಿಸಿದೆವು, ಅಷ್ಟೇ. ಬೆಲೆಯಲ್ಲಿ ಒಂದು ರೂಪಾಯಿ ಬದಲಾಗಲಿಲ್ಲ, ಜಾಹೀರಾತಿನಲ್ಲಿ ಒಂದು ಅಕ್ಷರ ಬದಲಾಗಲಿಲ್ಲ. ಮುಂದಿನ ತಿಂಗಳು ಅದೇ ಊರಿಂದ ಮತ್ತೆ ಮತ್ತೆ ಆರ್ಡರ್ ಬಂತು. ಆ ಅಜ್ಜಾರು ಈಗ ಇಲ್ಲ. ಬಜೆಟ್ ಮೀಟಿಂಗಿನಲ್ಲಿ ಯಾರಾದರೂ ಕ್ಯಾಂಪೇನ್ ದಿನಾಂಕ ಗೊತ್ತು ಮಾಡುವಾಗ ಕೈಗೆ ದುಡ್ಡು ಬರುವ ದಿನ ಯಾವುದು ಅಂತ ಮೊದಲು ಕೇಳುವುದು ನನಗೆ ಅವರಿಂದಲೇ ಬಂದ ಅಭ್ಯಾಸ.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಹುಡುಗಿ ಅಂದಿದ್ದು, "ಆದ್ರೂ ಚಿಕ್ಕಮ್ಮ, ಅದು ಸೇಲ್ಸ್. ಮಾರ್ಕೆಟಿಂಗ್ ಅಲ್ವಲ್ಲ." ಈ ಗೋಡೆಯನ್ನು ಕಾಲೇಜಿನಲ್ಲಿ ಯಾರು ಕಟ್ಟಿ ಕಳಿಸುತ್ತಾರೋ ಗೊತ್ತಿಲ್ಲ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಡಲೂರಿನ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಹಾಕಿ ಚಿಕ್ ಶಾಂಪೂ ಶುರು ಮಾಡಿದಾಗ ಹಳ್ಳಿಯ ಹುಡುಗರನ್ನು ಕೂರಿಸಿ, ಎಲ್ಲರ ಎದುರು ತಲೆ ತೊಳೆದು ತೋರಿಸಿದರು. ಅದು ಸೇಲ್ಸೋ ಮಾರ್ಕೆಟಿಂಗೋ? ಸೀಗೆಕಾಯಿ, ಸೋಪು ಹಚ್ಚುತ್ತಿದ್ದ ತಲೆಗೆ ಶಾಂಪೂ ಹಚ್ಚುವುದು ಹೇಗೆ ಅಂತ ಹತ್ತಿರ ಕೂತು ತೋರಿಸಿದವರು ಗೆದ್ದರು.

ನಮ್ಮ ಬೆಂಗಳೂರಿನ ಎಂಟಿಆರ್ ನೋಡಿ. 1924ರಿಂದ ಹೋಟೆಲು. 1975ರಲ್ಲಿ ತುರ್ತು ಪರಿಸ್ಥಿತಿ ಬಂದು, ತಿಂಡಿಯನ್ನು ಇಷ್ಟೇ ಕಡಿಮೆ ಬೆಲೆಗೆ ಮಾರಬೇಕು ಅಂತಾದಾಗ ಆ ಗುಣಮಟ್ಟ ಉಳಿಸಿಕೊಂಡು ಹೋಟೆಲ್ ನಡೆಸುವುದೇ ಕಷ್ಟವಾಯಿತು. ಅವರು ದಿಢೀರ್ ಮಿಕ್ಸು, ಪುಡಿಗಳ ಕಡೆ ತಿರುಗಿದರು. ಒಲೆ ಹೋದರೂ ರುಚಿ ಕೈಯಲ್ಲಿತ್ತು. ಜನರ ನಾಲಿಗೆ ಗೊತ್ತಿದ್ದವರಿಗೆ ತಟ್ಟೆಯಲ್ಲಿ ಕೊಟ್ಟರೂ ಒಂದೇ, ಪ್ಯಾಕೆಟ್ಟಿನಲ್ಲಿ ಕೊಟ್ಟರೂ ಒಂದೇ.

ಹಾಗಂತ ಅವಕಾಶ ಅನ್ನುವ ಹೆಸರಿನಲ್ಲಿ ಬಂದದ್ದಕ್ಕೆಲ್ಲ ಹೂಂ ಅನ್ನಿ ಅಂತ ನಾನು ಹೇಳುತ್ತಿಲ್ಲ. ಬಸ್‌ಸ್ಟ್ಯಾಂಡ್ ಗೋಡೆಗಳಲ್ಲಿ ಅಂಟಿಸಿರುತ್ತಾರಲ್ಲ, 'ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ' ಅಂತ. ಹೋದರೆ ಡೆಪಾಸಿಟ್ ಕಟ್ಟು, ನೆಂಟರನ್ನೆಲ್ಲ ಸೇರಿಸು ಅನ್ನುತ್ತಾರೆ. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಆರು ತಿಂಗಳು ಸಂಬಳವಿಲ್ಲದೆ ದುಡಿ, ಅನುಭವ ಸಿಗುತ್ತೆ ಅನ್ನುವವರಿಗೂ ಬೇಡ ಅನ್ನಿ. ಬಾಡಿಗೆ ಕಟ್ಟಬೇಕಾದ ಮಕ್ಕಳಿಗೆ ಅದು ಅವಕಾಶವಲ್ಲ, ಅನ್ಯಾಯ. ದುಡ್ಡು ತಗೊಂಡಿದ್ದನ್ನು ಮುಚ್ಚಿಟ್ಟು ರೀಲ್ಸ್‌ನಲ್ಲಿ ಹೊಗಳಿಸುವ ಕೆಲಸವೂ ಬೇಡ. ಹಣ ಪಡೆದಿದ್ದರೆ ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಾಳೆ ಪ್ರಶ್ನೆ ಬಂದರೆ ನಿಮ್ಮ ಹೆಸರೂ ಹಾಳಾಗುತ್ತದೆ.

ನಾನು ಒಂದೇ ಒಂದು ಅಳತೆಗೋಲು ಇಟ್ಟುಕೊಂಡಿದ್ದೇನೆ. ಈ ಹೊಸ ಕೆಲಸ ನನ್ನನ್ನು ಕೊಳ್ಳುವವರ ಹತ್ತಿರ ಒಯ್ಯುತ್ತದಾ, ದೂರ ಒಯ್ಯುತ್ತದಾ? ದೊಡ್ಡ ಹುದ್ದೆ ಅಂತ ಒಮ್ಮೆ ದೂರದ ಕೆಲಸ ಒಪ್ಪಿಕೊಂಡಿದ್ದೆ. ಎರಡು ವರ್ಷ ಬರೀ ಸ್ಲೈಡ್ ಮಾಡಿದೆ. ಹಿಂದಿಯಲ್ಲಿ ಬರೆದ ಜಾಹೀರಾತು ಕನ್ನಡಕ್ಕೆ ಹೇಗೆ ಬರುತ್ತಿದೆ ಅಂತ ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ರೊಕ್ಕ ಅನ್ನುವ ಊರಿಗೂ ದುಡ್ಡು ಅನ್ನುವ ಊರಿಗೂ ಒಂದೇ ಡಬ್ಬಿಂಗ್. ಕನ್ನಡ ಬಲ್ಲ, ಊರು ಬಲ್ಲ ಹುಡುಗರಿಗೆ ಇಲ್ಲಿ ಎಷ್ಟು ದೊಡ್ಡ ಜಾಗ ಖಾಲಿ ಬಿದ್ದಿದೆ! ಅದನ್ನು ತುಂಬಲು ಕಲಬುರಗಿಯಲ್ಲಿ ಒಂದು ವರ್ಷ ಕಿವಿ ತೆರೆದು ಓಡಾಡಿದವಳು ಬೇಕು.

ಅಕ್ಕನಿಗೆ ಭಯ ಇದೆ, ಅದು ಸುಳ್ಳು ಭಯ ಅಲ್ಲ. ಹಳ್ಳಿ ಬೀಟಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಸಿಗುವುದಿಲ್ಲ. ನಾನು ಎಷ್ಟೋ ದಿನ ಮಧ್ಯಾಹ್ನದವರೆಗೆ ನೀರೇ ಕುಡಿಯದೆ ಇದ್ದು, ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದ್ದೆ. ಇದನ್ನು ಯಾವ ಮ್ಯಾನೇಜರೂ ಮೊದಲೇ ಹೇಳುವುದಿಲ್ಲ. ಅದಕ್ಕೇ ಒಪ್ಪುವ ಮುಂಚೆ ಬಾಯಿಬಿಟ್ಟು ಕೇಳು ಅಂದೆ. ಬೀಟಿನ ದಾರಿಯಲ್ಲಿ ನಿಲ್ಲಲು ಒಳ್ಳೆಯ ಜಾಗಗಳು, ಸುರಕ್ಷಿತ ವಸತಿ, ಸರಿಯಾದ ಟಿಎ-ಡಿಎ, ಕತ್ತಲಾಗುವ ಮುಂಚೆ ವಾಪಸ್ ಬರುವ ಗಾಡಿ, ಎಷ್ಟು ತಿಂಗಳ ಪೋಸ್ಟಿಂಗ್ ಅನ್ನುವುದು. ಎಲ್ಲ ಇಮೇಲ್‌ನಲ್ಲಿ ಬರಲಿ.

ಕೇಳಿದಳು. ಟಿಎ-ಡಿಎಗೆ ಒಪ್ಪಿದ್ದಾರೆ, ಗಾಡಿಗೂ ಒಪ್ಪಿದ್ದಾರೆ. ಹದಿನೆಂಟು ತಿಂಗಳು ಅಂತ ಬರೆದುಕೊಟ್ಟಿದ್ದಾರೆ. ವಸತಿಯ ಮಾತು ಇನ್ನೂ ನಡೀತಿದೆ. ಅದು ಬಗೆಹರಿದರೆ ಭಾನುವಾರ ರಾತ್ರಿ ರೈಲು. ಮೊದಲ ದಿನ ಎಷ್ಟು ಮಾರಿದೆ ಅಂತ ನಾನು ಕೇಳಲ್ಲ, ಮೊದಲ ಅಂಗಡಿಯಲ್ಲಿ ಯಾರು ಬಂದು ಏನು ಕೇಳಿದರು ಅಂತ ಫೋನ್ ಮಾಡಿ ಹೇಳು ಅಂದಿದ್ದೇನೆ.