ನಾಲ್ಕು ಮುಹೂರ್ತ, ಮೂರು ಹಾಡು

ಕಳೆದ ದೀಪಾವಳಿ ಹೊತ್ತಿಗೆ ಉಡುಪಿಯ ಕಲ್ಸಂಕದಲ್ಲಿ ಬಸ್ಸು ನಿಂತಾಗ ತಲೆಯೆತ್ತಿ ನೋಡಿದೆ. ಫ್ಲೆಕ್ಸ್‌ನಲ್ಲಿ ನಾಲ್ಕು ಹುಡುಗರು. ನಾಲ್ವರಿಗೂ ಕಪ್ಪು ಜಾಕೆಟ್. ನಾಲ್ವರೂ ನಾಲ್ಕು ದಿಕ್ಕು ನೋಡುತ್ತಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ‘ಬರುತ್ತಿದ್ದೇವೆ’. ಎಡದಿಂದ ಎರಡನೆಯವನು ನಮ್ಮ ಪಕ್ಕದ ಮನೆಯ ಹುಡುಗ. ಎಲ್ಲಿಂದ ಬರುತ್ತಾನೆ ಮಾರಾಯ್ರೇ? ಅವತ್ತು ಬೆಳಿಗ್ಗೆಯಷ್ಟೇ ಹೆಪ್ಪಿಗೆ ಮಜ್ಜಿಗೆ ಕೇಳಲು ನಮ್ಮ ಮನೆಗೆ ಬಂದಿದ್ದ.

ಹಾಗೆ ಗೊತ್ತಾಯಿತು, ನಮ್ಮ ಬೀದಿಯಲ್ಲೊಂದು ರಾಕ್ ಬ್ಯಾಂಡ್ ಇದೆ, ಅದರ ಮೊದಲ ಆಲ್ಬಂ ಬರುತ್ತಿದೆ ಅಂತ. ಬ್ಯಾಂಡಿನ ಹೆಸರು ಇಲ್ಲಿ ಬರೆಯಲು ಆಗುವುದಿಲ್ಲ. ಅದು ಇಂಗ್ಲಿಷ್ ಹೆಸರು, ಅದರೊಳಗಿನ ಸ್ವರಗಳನ್ನೆಲ್ಲ ಕಿತ್ತು ಬರೀ ವ್ಯಂಜನ ಉಳಿಸಿದ್ದಾರೆ. ಈಗ ಹಾಗೇ ಅಂತೆ. “ಹೆಸರಿನಲ್ಲೇ ಸ್ವರ ಇಲ್ಲದವರು ಹಾಡಿಗೆ ಎಲ್ಲಿಂದ ತರುತ್ತಾರೆ?” ಅಂತ ಕೇಳಿದ್ದು ನಾನಲ್ಲ, ಎದುರು ಮನೆಯ ಚೆಂಡೆಯವರು. ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುವವರು, ಅವರಿಗೆ ಬಾಯಿ ಸ್ವಲ್ಪ ಜಾಸ್ತಿ.

ಇದು ‘ಇಂಡಿ’ ಬ್ಯಾಂಡ್ ಅಂತ ಹುಡುಗ ಹೇಳಿದಾಗ ನಾನು ವಿಜಯಪುರ ಜಿಲ್ಲೆಯ ಇಂಡಿ ಅಂದುಕೊಂಡೆ, ಆ ಲಿಂಬೆಹಣ್ಣಿನ ಊರು. ಅಲ್ಲವಂತೆ, ಇಂಡಿಪೆಂಡೆಂಟ್. ಯಾರ ಹಂಗೂ ಇಲ್ಲದ ಸ್ವತಂತ್ರ ಸಂಗೀತ. ಗಿಟಾರ್ ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ಅಪ್ಪನದು. ರೆಕಾರ್ಡಿಂಗ್ ಖರ್ಚು ದುಬೈ ಮಾವನದು. ಫ್ಲೆಕ್ಸ್‌ನ ಅಡಿಯಲ್ಲಿ ಶುಭ ಕೋರಿದವರು ಒಂದು ಡ್ರೈವಿಂಗ್ ಸ್ಕೂಲ್, ಒಂದು ಗೋಡಂಬಿ ಕಾರ್ಖಾನೆ ಮತ್ತು ಒಂದು ಸೌಹಾರ್ದ ಸಹಕಾರಿ. ಇಷ್ಟು ಬಿಟ್ಟರೆ ಪೂರ್ತಿ ಸ್ವತಂತ್ರ.

ನಾವು ಉಡುಪಿಯವರಿಗೆ ಕಾಯುವುದು ಹೊಸತಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನ. ವಾದಿರಾಜರು 1522ರಲ್ಲಿ ಶುರು ಮಾಡಿದ ಲೆಕ್ಕ ಇನ್ನೂ ತಪ್ಪಿಲ್ಲ. ಅದಕ್ಕೆ ವರ್ಷ ಮೊದಲೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಈಗ ನೆಟ್ಟರೆ ಆಗ ಎಲೆ ಸಿಗುತ್ತದೆ. ಈಗ ಪೇರಿಸಿದರೆ ಆಗ ಕಟ್ಟಿಗೆ ಒಣಗಿರುತ್ತದೆ. ಅನ್ನ ಬಡಿಸಬೇಕಲ್ಲ, ಅದಕ್ಕೆ ಈ ತಯಾರಿ.

ಹುಡುಗರೂ ನಾಲ್ಕು ಮುಹೂರ್ತ ಇಟ್ಟುಕೊಂಡಿದ್ದರು. ಮೊದಲನೆಯದು ಘೋಷಣೆ ಮುಹೂರ್ತ: ‘ನಾಳೆ ಸಂಜೆ 6ಕ್ಕೆ ಒಂದು ಘೋಷಣೆ ಇದೆ’ ಎಂಬ ಘೋಷಣೆ. ಮರುದಿನ ಸಂಜೆ ಘೋಷಿಸಿದ್ದು, ಆಲ್ಬಂನ ಹೆಸರನ್ನು ಸದ್ಯದಲ್ಲೇ ಘೋಷಿಸುತ್ತೇವೆ ಅಂತ. ಆಮೇಲೆ ಲೋಗೋ ಮುಹೂರ್ತ. ಆಮೇಲೆ ಟೀಸರ್: ಹನ್ನೊಂದು ಸೆಕೆಂಡ್, ಅದರಲ್ಲಿ ಎಂಟು ಸೆಕೆಂಡ್ ಕತ್ತಲೆ. ಕೊನೆಗೆ ಟೀ ಶರ್ಟ್ ಮುಹೂರ್ತ. ಟೀ ಶರ್ಟ್ ತೆಗೆದುಕೊಂಡವರು ಎರಡು ಸಲ ಒಗೆದು ಬಣ್ಣ ಬಿಟ್ಟ ಮೇಲೂ ಹಾಡು ಬಂದಿರಲಿಲ್ಲ. ಇದರ ನಡುವೆ ಹುಡುಗ ‘ಪ್ರಿ-ಸೇವ್ ಮಾಡಿ ಅಂಕಲ್’ ಅಂತ ನನ್ನ ಫೋನು ಕಿತ್ತುಕೊಂಡು ಅದೆಂಥದೋ ಒತ್ತಿ ಕೊಟ್ಟ. ಇನ್ನೂ ಹುಟ್ಟದ ಹಾಡನ್ನು ಈಗಲೇ ಜೋಪಾನ ಮಾಡುವುದಂತೆ.

ಮುಖಪುಟದ ಫೋಟೋದ ಕಥೆ ಹೇಳಲೇಬೇಕು. ಮಲ್ಪೆಯಾಚೆಯ ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳ ಮೇಲೆ ನಿಂತು ತೆಗೆಸುವುದು ಅಂತ ನಿಶ್ಚಯ. ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ತಣ್ಣಗಾಗಿ ಆದ ಬಂಡೆಗಳವು. ರಾಕ್ ಬ್ಯಾಂಡಿಗೆ ಬಂಡೆ ಬೇಡವೇ? ಹೊರಟದ್ದು ಜೂನ್‌ನಲ್ಲಿ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟು ಇಲ್ಲ ಅನ್ನುವುದು ಮಲ್ಪೆಯ ಸಣ್ಣ ಮಕ್ಕಳಿಗೂ ಗೊತ್ತು. ಕಡಲಿನ ಬಗ್ಗೆ ಆಲ್ಬಂ ಮಾಡುವವರಿಗೆ ಗೊತ್ತಿರಲಿಲ್ಲ. ಕೊನೆಗೆ ಮೀನುಗಾರಿಕಾ ಬಂದರಿನಲ್ಲೇ ನಿಂತರು. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ಸಾಲಾಗಿ ಕಟ್ಟಿಹಾಕಿದ್ದವು. ಸುರಿಯುವ ಮಳೆ, ಸೆಕೆಗೆ ಒಳಗಿನಿಂದ ಬೆವತ ಜಾಕೆಟ್. ನಾಲ್ವರೂ ಕ್ಯಾಮೆರಾಕ್ಕೆ ಬೆನ್ನು ಹಾಕಿ ಸಮುದ್ರ ನೋಡಿದರು. ಬಲೆ ಹೊಲಿಯುತ್ತ ಕೂತಿದ್ದ ಒಬ್ಬರು, “ಎಂತ ಮಗಾ, ಎಂಥಾದರೂ ಬಿದ್ದುಹೋಯ್ತಾ ನೀರಿಗೆ?” ಅಂತ ಕೇಳಿದರಂತೆ.

ಜುಲೈ ಮೊದಲ ವಾರ ಹುಡುಗ ನನ್ನ ಹತ್ತಿರ ಬಂದ. “ಅಂಕಲ್, ನೀವು ಪೇಪರಿಗೆ ಬರೀತೀರಲ್ಲ, ನಮ್ಮ ಆಲ್ಬಂ ಬಗ್ಗೆ ಎರಡು ಮಾತು ಬರೆದುಕೊಡಿ.”

“ಹಾಡು ಕೇಳಿಸು.”

“ಹಾಡು ಇನ್ನೂ ಮಿಕ್ಸಿಂಗ್‌ನಲ್ಲಿದೆ. ನೀವು ಫೀಲ್ ಬರೆಯಿರಿ.”

ನಾಚಿಕೆ ಬಿಟ್ಟು ಹೇಳುತ್ತೇನೆ, ಬರೆದುಕೊಟ್ಟೆ. ‘ಘಟ್ಟದ ಮಳೆಯ ಆರ್ಭಟ, ಕಡಲಿನ ಮೊರೆತ, ಮಣ್ಣಿನ ವಾಸನೆ.’ ಇದೇ ಮೂರನ್ನು ಹಿಂದೆ ಒಂದು ಕವನ ಸಂಕಲನಕ್ಕೂ ಒಂದು ಮೀನೂಟದ ಹೋಟೆಲಿಗೂ ಕೊಟ್ಟಿದ್ದೆ. ಯಾರೂ ದೂರು ಹೇಳಿಲ್ಲ.

ಬಿಡುಗಡೆ ತುಳುವರ ಆಟಿ ತಿಂಗಳಲ್ಲಿ, ಮದುವೆ ಹಾಲ್‌ನಲ್ಲಿ. ಆಟಿಯಲ್ಲಿ ಮದುವೆ ಇಲ್ಲ, ಬಾಡಿಗೆಗೆ ಚೌಕಾಸಿ ನಡೆಯುತ್ತದೆ. ವೇದಿಕೆಯ ಹಿಂದೆ ಯಾವುದೋ ಹಳೆ ಮದುವೆಯ ಥರ್ಮಾಕೋಲ್ ಹಂಸ ಇನ್ನೂ ಇತ್ತು. 5.30ರ ಕಾರ್ಯಕ್ರಮ 7 ಗಂಟೆಗೆ ಶುರುವಾಯಿತು. ರಾಕ್ ಅಂದರೆ ಬಂಡಾಯ ಅಂತಾರೆ. ನಮ್ಮಲ್ಲಿ ಬಂಡಾಯಕ್ಕೂ ಮೊದಲು ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಐವರು ಅತಿಥಿಗಳಿಗೆ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ಪ್ರಾರ್ಥನೆ ಹಾಡಿದ್ದು ಡ್ರಮ್ಮರ್‌ನ ತಂಗಿ. ಇಡೀ ಸಂಜೆಯಲ್ಲಿ ಶ್ರುತಿ ಸೇರಿದ್ದು ಅದೊಂದೇ. ಸಹಕಾರಿಯ ಅಧ್ಯಕ್ಷರು ‘ನನಗೆ ಸಂಗೀತದ ಗಂಧಗಾಳಿ ಇಲ್ಲ’ ಎಂದು ಶುರುಮಾಡಿ 23 ನಿಮಿಷ ಅದನ್ನು ಸಾಬೀತು ಮಾಡಿದರು. ಆಲ್ಬಂ ಇದ್ದದ್ದು 19 ನಿಮಿಷ.

ಆಲ್ಬಂನಲ್ಲಿ ಏಳು ಹಾಡು. ಬೆರಳು ಮಡಚಿ ಲೆಕ್ಕ ಹಾಕಿದೆ. ಮೊದಲನೆಯದು ‘ಇಂಟ್ರೋ’, ಬರೀ ಅಲೆಯ ಸದ್ದು. ಏಳನೆಯದು ‘ಔಟ್ರೋ’, ಅದೇ ಅಲೆ ಹಿಮ್ಮುಖವಾಗಿ. ನಾಲ್ಕನೆಯದರಲ್ಲಿ ಗಾಯಕನ ಅಮ್ಮ ಫೋನಿನಲ್ಲಿ ‘ಊಟ ಆಯ್ತಾ?’ ಅಂತ ಕೇಳುತ್ತಾರೆ. ಆರನೆಯದು ಎರಡನೆಯದೇ, ಡ್ರಮ್ಸ್ ಇಲ್ಲದೆ. ಉಳಿದದ್ದು ಮೂರು. ಆ ಮೂರರಲ್ಲೂ ‘ಓ ಕಡಲೇ’ ಅಂತ ಇತ್ತು. ಸಭೆಯಲ್ಲಿದ್ದ ಹಿರಿಯರ ಮುಖ ಆಟಿ ಅಮಾವಾಸ್ಯೆಗೆ ಖಾಲಿ ಹೊಟ್ಟೆಯಲ್ಲಿ ಹಾಲೆ ಮರದ ಕಷಾಯ ಕುಡಿದ ಹಾಗಿತ್ತು.

ಮೂರನೆಯ ಹಾಡಿನ ನಡುವೆ ಚೆಂಡೆ ಕೇಳಿಸಿತು. ‘ಕರಾವಳಿಯ ಬೇರು’ ಅಂತ ಗಾಯಕ ಕೂಗಿದ. ವೇದಿಕೆಯಲ್ಲಿ ಚೆಂಡೆ ಇಲ್ಲ, ಲ್ಯಾಪ್‌ಟಾಪ್ ಇತ್ತು. ಪಕ್ಕದಲ್ಲಿ ಕೂತ ಚೆಂಡೆಯವರು ಕಿವಿ ನಿಮಿರಿಸಿದರು. ಎಡಗೈ ಬೆರಳು ಕುರ್ಚಿಯ ಹಿಡಿಯ ಮೇಲೆ ಎರಡು ಪೆಟ್ಟು ಹಾಕಿ, ತಾಳ ಸಿಗದೆ ನಿಂತಿತು.

“ಇದು ಯಕ್ಷಗಾನದ ಪೆಟ್ಟಲ್ಲ ಮಾರಾಯ್ರೇ. ಕೇರಳದ ಚೆಂಡೆಮೇಳದ್ದು. ಯಾವುದೋ ಉತ್ಸವದ್ದು ಕಿತ್ತು ತಂದಿದ್ದಾರೆ.”

ಮೇಳದ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಈ ಮನುಷ್ಯ ತಿಂಗಳುಗಟ್ಟಲೆ ಮನೆಯಲ್ಲೇ ಇರುತ್ತಾರೆ. ಡ್ರಮ್ಮರ್‌ನ ಗೇಟಿನಿಂದ ಇವರ ಜಗಲಿಗೆ ಹದಿನಾಲ್ಕು ಹೆಜ್ಜೆ. ಬೇರು ಬೇಕಿದ್ದರೆ ರಸ್ತೆ ದಾಟಿದರೆ ಸಾಕಿತ್ತು.

ಪ್ರಚಾರವೇ ತಪ್ಪು ಅಂತಲ್ಲ. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗಲೂ ಗದ್ದಲ ಆಗಿತ್ತು. ಆದರೆ ಅದಕ್ಕೂ ಮೊದಲೇ ಅವರು ವರ್ಷಗಟ್ಟಲೆ ಊರೂರು ಸುತ್ತಿ ಹಾಡಿದ್ದರು. ಶರೀಫರ ಪದ ಗಿಟಾರಿಗೆ ಹೊಂದಿದ್ದು ಸುಮ್ನೆ ಅಲ್ಲ. ಇಲ್ಲಿ ಹಾಡಿಗಿಂತ ಮೊದಲು ಫ್ಲೆಕ್ಸ್ ಹುಟ್ಟಿತು, ಅಷ್ಟೇ ತಕರಾರು.

ರಾತ್ರಿ ಬೀದಿಯ ವಾಟ್ಸಾಪ್ ಗುಂಪಿಗೆ ಸಂದೇಶ ಬಂತು: ‘ದಯವಿಟ್ಟು ಎಲ್ಲರೂ 30 ಸೆಕೆಂಡ್ ದಾಟಿಸಿ. ಆಮೇಲೆ ಬೇಕಾದರೆ ನಿಲ್ಲಿಸಿ.’ ಸ್ಪಾಟಿಫೈಯಲ್ಲಿ 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದಂತೆ ಲೆಕ್ಕ. 2024ರಿಂದ ಇನ್ನೊಂದು ನಿಯಮ, ವರ್ಷದಲ್ಲಿ 1000 ಸಲ ಓಡದ ಹಾಡಿಗೆ ಕಾಸೇ ಇಲ್ಲ. ಹಾಗಾಗಿ ಅಪ್ಪನ ಹೋಟೆಲಿನ ಸಪ್ಲೈಯರ್‌ಗಳು ಮುಂಬೈಯಲ್ಲಿ ದೋಸೆ ಪ್ಲೇಟು ಹಿಡಿದುಕೊಂಡು 31 ಸೆಕೆಂಡ್ ‘ಓ ಕಡಲೇ’ ಕೇಳುತ್ತಿದ್ದಾರೆ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಅಡುಗೆಮನೆಯ ಕಪಾಟಿನೊಳಗೆ ಫೋನಿಟ್ಟು ಬಾಗಿಲು ಮುಚ್ಚಿ ಓಡಿಸುತ್ತಾಳೆ. ನೆರೆಕರೆ ಅಂದ ಮೇಲೆ ಅಷ್ಟಾದರೂ ಬೇಕಲ್ವಾ.

ಹಾಲ್‌ನ ಎದುರು ಕಟ್ಟಿದ್ದ ದೊಡ್ಡ ಫ್ಲೆಕ್ಸ್ ಮೂರನೇ ದಿನದ ಗಾಳಿಗೆ ಹರಿದು ಬಿತ್ತು. ಯಾರೂ ಕೇಳುವವರಿಲ್ಲ ಅಂತ ಚೆಂಡೆಯವರು ಸುರುಳಿ ಸುತ್ತಿ ತಂದರು. ಈಗ ಅದು ಅವರ ಬಚ್ಚಲು ಕೊಟ್ಟಿಗೆಯ ಪಕ್ಕ ಕಟ್ಟಿಗೆ ರಾಶಿಯ ಮೇಲಿದೆ. ಸಮುದ್ರ ನೋಡುತ್ತಿದ್ದ ನಾಲ್ವರೂ ನಮ್ಮ ಬಾವಿಕಟ್ಟೆ ನೋಡುತ್ತಿದ್ದಾರೆ. ಘಟ್ಟದ ಮಳೆಯ ಆರ್ಭಟ ಅಂತ ನಾನು ಬರೆದ ಸಾಲಿನ ಮೇಲೆ ಎರಡು ಕೆಂಪುಕಲ್ಲು ಇಟ್ಟಿದ್ದಾರೆ, ಹಾರದ ಹಾಗೆ. ನಿನ್ನೆ ಸಂಜೆ ಎತ್ತಿ ತೋರಿಸಿದರು. ಇಷ್ಟು ಮಳೆಗೂ ಒಂದು ತುಂಡು ಕಟ್ಟಿಗೆ ನೆನೆದಿಲ್ಲ.