ಮೂರು ಕೂಗು

ಹೊಸ ಮನೆಗೆ ಬಂದ ಐದನೇ ದಿನವಿರಬೇಕು. ಹಾಲು ತರಲು ಹೊರಟವನನ್ನು ಎದುರು ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. "ಏನ್ ಸಾರ್, ನಿಮ್ಮನೇಲಿ ಬೇಳೆ ಬೇಯೋದು ಕಷ್ಟ ಆಗ್ತಿದ್ಯಾ? ನಿನ್ನೆ ಕುಕ್ಕರ್ ಏಳು ಕೂಗು ಕೂಗ್ತಲ್ಲ!"

ಕುಕ್ಕರ್ ನನ್ನದು, ಬೇಳೆ ನನ್ನದು, ಲೆಕ್ಕ ಮಾತ್ರ ಅವರದು. ಏನು ಉತ್ತರ ಕೊಡಬೇಕೋ ತಿಳಿಯದೆ ಹಲ್ಲು ಕಿರಿದೆ. ಅವರೇ ಮುಂದುವರಿಸಿದರು. "ಬೋರ್ ನೀರು ಗಡಸು, ಅದರಲ್ಲಿ ಬೇಳೆ ಬೇಯಲ್ಲ. ಕಾವೇರಿ ನೀರು ಬಂದಾಗ ಒಂದು ಕೊಡ ಹಿಡಿದಿಟ್ಕೊಳಿ. ಮೂರೇ ಕೂಗಿಗೆ ಬೆಣ್ಣೆ ಥರ ಆಗುತ್ತೆ." ಹಾಗೇ ಮಾಡಿದೆವು. ಮೂರಕ್ಕೇ ಬೆಂದಿತು. ಅವರು ಹೇಳಿದ್ದು ಸುಳ್ಳಾಗಿದ್ದರೆ ನನಗೆ ಇಷ್ಟು ಕಸಿವಿಸಿಯಾಗುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಸಂತೇಪೇಟೆಯ ಹತ್ತಿರ. ಬೆಳಗಾಗುವುದಕ್ಕೆ ಮುಂಚೆ ಲಾರಿ, ಬೆಳಗಾದ ಮೇಲೆ ಮೂಟೆ, ಹೊತ್ತೇರಿದ ಮೇಲೆ ಚೌಕಾಸಿ. ನಮ್ಮಪ್ಪ ಅಮ್ಮ ಜಗಳವಾಡಿದರೆ ಪಕ್ಕದ ಕೋಣೆಯಲ್ಲಿದ್ದ ನಮಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ, ಇನ್ನು ನೆರೆಮನೆಗೆಲ್ಲಿ? ಆ ಗದ್ದಲಕ್ಕೆ ಬೈದುಕೊಂಡೇ ಅದರ ಮರೆಯಲ್ಲಿ ನಾವು ಬೇಕಾದಂತೆ ಬದುಕಿದ್ದೆವು ಅನ್ನುವುದು ತಿಳಿದದ್ದು ದಟ್ಟಗಳ್ಳಿ ಆಚೆಯ ಈ ಬಡಾವಣೆಗೆ ಬಂದಮೇಲೆ.

ಸೈಟು ಮಾರಿದವನ ಕರಪತ್ರದಲ್ಲಿ 'ಪ್ರಶಾಂತ ವಾತಾವರಣ, ಬಸ್ ನಿಲ್ದಾಣಕ್ಕೆ ಐದೇ ನಿಮಿಷ' ಎಂದಿತ್ತು. ಐದು ನಿಮಿಷ ಯಾರ ಕಾಲಿನಲ್ಲಿ ಎಂದು ಬರೆದಿರಲಿಲ್ಲ. ಪ್ರಶಾಂತ ಅನ್ನುವುದು ಮಾತ್ರ ನಿಜ. ಆಟೋದವರು ಹೆಸರು ಕೇಳಿದರೇ "ಅಲ್ಲಿಂದ ವಾಪಸ್ ಬಾಡಿಗೆ ಸಿಗಲ್ಲ ಸಾರ್, ಒಂದೂವರೆ ಕೊಡಿ" ಅನ್ನುತ್ತಾರೆ. ಪಾರ್ಸೆಲ್ ತರುವ ಹುಡುಗರು ಫೋನ್ ಮಾಡಿ, "ಸಾರ್, ಲೊಕೇಶನ್ನು ಖಾಲಿ ಸೈಟ್ ತೋರಿಸ್ತಿದೆ, ನೀವು ಇದೀರಾ?" ಎಂದು ಕೇಳುತ್ತಾರೆ. ಇದ್ದೇನೆ ಎಂದು ನಂಬಿಸಲು ಗೇಟಿಗೆ ಬಂದು ಕೈ ಬೀಸಬೇಕು.

ಊರಿನ ಇಕ್ಕಟ್ಟು ಬಿಟ್ಟು ಹೊರಗೆ ಬಂದು ಉಸಿರಾಡುವ ಆಸೆ ನಮ್ಮಿಂದ ಶುರುವಾದದ್ದಲ್ಲ ಬಿಡಿ. ಬೆಂಗಳೂರಿನ ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರದ ಕಡೆ ಹರಡಿದ್ದು 1898ರ ಪ್ಲೇಗಿಗೆ ಹೆದರಿ. ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತು. ಆಗಿನವರು ಇಲಿಗೆ ಹೆದರಿ ಬಂದರು, ನಾವು ಹಾರ್ನಿಗೆ ಹೆದರಿ ಬಂದೆವು. ಈಗ ನಿಶ್ಶಬ್ದಕ್ಕೂ ಕಾನೂನಿದೆ. 2000ನೇ ಇಸವಿಯ ನಿಯಮದ ಪ್ರಕಾರ ಜನವಸತಿ ಇರುವ ಕಡೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮೀರುವಂತಿಲ್ಲ. ನಮ್ಮ ಕೋಗಿಲೆ ಇದನ್ನು ಓದಿಲ್ಲ. ಬೇಸಿಗೆಯಲ್ಲಿ ನಾಲ್ಕೂವರೆಗೇ ಶುರು ಮಾಡಿ, ಯಾರಾದರೂ ಎದ್ದು ಬಂದು ಕೇಳುವವರೆಗೆ ಒಂದೊಂದೇ ಮೆಟ್ಟಿಲು ದನಿ ಏರಿಸುತ್ತದೆ. ಕೋಗಿಲೆಯನ್ನು ಹೊಗಳಿದ ಕವಿಗಳೆಲ್ಲ ಬೇಗ ಏಳುವ ಅಭ್ಯಾಸದವರಿರಬೇಕು.

ಐದೂವರೆಗೆ ಕೊಂಬೆ ಬಾಗುವ ಸದ್ದು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ವಾಕಿಂಗ್ ಹೊರಟ ಭಕ್ತರು ಪರರ ಕಾಂಪೌಂಡಿನ ನಂದಿಬಟ್ಟಲು, ದಾಸವಾಳ ಬಿಡಿಸುವ ಹೊತ್ತು ಅದು. ದೇವರಿಗೆ ತಾನೇ ಎಂದು ನಾವೂ ಸುಮ್ಮನಿರುತ್ತೇವೆ. ಒಮ್ಮೆ ನಾನು ಒಳಗಿನಿಂದ ಕೆಮ್ಮಿದ್ದಕ್ಕೆ ಹೊರಗಿನಿಂದಲೂ ಯಾರೋ ಕೆಮ್ಮಿದರು, ಅಷ್ಟೆ. ಆಮೇಲೆ ಪೌರಕಾರ್ಮಿಕರ ಪೀಪಿ. 2015, 2016ರಲ್ಲಿ ಮೈಸೂರು ದೇಶದಲ್ಲೇ ಸ್ವಚ್ಛ ನಗರ ಅನ್ನಿಸಿಕೊಂಡದ್ದು ಈ ಪೀಪಿಯ ಪುಣ್ಯದಿಂದ ಎಂದು ನಾನು ನಂಬಿದ್ದೇನೆ. ಅದು ಕೇಳಿದರೆ ಎಂಥ ಜಂಬದ ಮನೆಯವರೂ ಎರಡು ಬಕೆಟ್ ಹಿಡಿದು ಓಡಬೇಕು. ರಸ್ತೆಯ ಜನ ಒಬ್ಬರ ಮುಖ ಒಬ್ಬರು ನೋಡುವುದು ಹಸಿ ಕಸ ಒಣ ಕಸದ ಮಧ್ಯೆಯೇ. ಎಂಟಕ್ಕೆ ಸೊಪ್ಪಿನಜ್ಜಿ. ತರಕಾರಿ ಗಾಡಿಯವರೆಲ್ಲ ಮೈಕಿನಲ್ಲಿ ರೆಕಾರ್ಡ್ ಹಾಕಿಕೊಂಡರೂ ಅಜ್ಜಿ ಸ್ವಂತ ಗಂಟಲಲ್ಲೇ "ಸೊಪ್ಪೋ..." ಅನ್ನುತ್ತಾಳೆ. ಆ 'ಪೋ' ರಸ್ತೆಯ ಆ ತುದಿ ಮುಟ್ಟಿ ಬರುವಷ್ಟರಲ್ಲಿ ದಂಟೋ ಸಬ್ಬಸಿಗೆಯೋ ತೀರ್ಮಾನವಾಗಿರಬೇಕು.

ಹನ್ನೊಂದರಿಂದ ನಾಲ್ಕರವರೆಗೆ ಏನೂ ಇಲ್ಲ. ಒಣಗಿದ ತೆಂಗಿನ ಗರಿ ಬಿದ್ದರೆ ಅದೇ ಸುದ್ದಿ. ಯಾರ ಮನೆಯಲ್ಲಿ ಒಗ್ಗರಣೆ ಬಿತ್ತು, ಯಾರ ಸಂಪಿಗೆ ನೀರು ಬಿತ್ತು, ಯಾರ ಬಾಗಿಲ ಕೀಲಿಗೆ ಎಣ್ಣೆ ಬೇಕು, ಎಲ್ಲ ಗೊತ್ತಾಗುತ್ತದೆ. ಮೊದಮೊದಲು ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ನಮಗೆ ಇಷ್ಟು ಕೇಳಿಸಿದರೆ ಅವರಿಗೂ ಇಷ್ಟೇ ಕೇಳಿಸುತ್ತದಲ್ಲ! ಹೆಂಡತಿಯೂ ನಾನೂ ಜಗಳ ಬಂದರೆ ಈಗ ಮಿಕ್ಸಿ ಹಾಕಿಕೊಳ್ಳುತ್ತೇವೆ. ಇದರಿಂದ ಜಗಳಗಳು ಚಿಕ್ಕದಾಗಿವೆ, ಚಟ್ನಿ ನುಣ್ಣಗಾಗಿದೆ.

ಈ ರಸ್ತೆಯ ಮನೆಗಳಲ್ಲಿ ಬಹುಪಾಲು ಇಬ್ಬಿಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ರಾತ್ರಿ ಎಂಟೂವರೆಗೆ ಒಂದೊಂದೇ ಮನೆಯಲ್ಲಿ ವಿಡಿಯೋ ಕಾಲ್ ಹೊತ್ತಿಕೊಳ್ಳುತ್ತದೆ. "ಕೇಳಿಸ್ತಿದ್ಯಾ ಪುಟ್ಟಾ? ಅಜ್ಜಿ ಮಾತಾಡ್ತಿರೋದು, ಕೇಳಿಸ್ತಿದ್ಯಾ?" ನ್ಯೂಜೆರ್ಸಿಗೆ ಕೇಳಿಸುತ್ತೋ ಇಲ್ಲವೋ, ನಮ್ಮ ಹದಿನಾಲ್ಕನೇ ಕ್ರಾಸಿಗಂತೂ ಕೇಳಿಸುತ್ತದೆ. ನಾನು ಕಂಡೇ ಇಲ್ಲದ ಒಂದು ಕೂಸಿಗೆ ಮೊದಲ ಹಲ್ಲು ಬಂದದ್ದು ನನಗೆ ಗೊತ್ತು. ಫೋನು ಇಟ್ಟ ಮೇಲೆ ಆ ಮನೆಗಳಲ್ಲಿ ಸ್ವಲ್ಪ ಹೊತ್ತು ಟೀವಿಯನ್ನೂ ಹಾಕುವುದಿಲ್ಲ. ಅದೂ ಗೊತ್ತು.

ನಮ್ಮ ಪಕ್ಕದ್ದು ಖಾಲಿ ಸೈಟು. ಕಾಂಗ್ರೆಸ್ ಗಿಡ, ಎಕ್ಕ, ಯಾರೋ ಮನೆ ಕಟ್ಟಿ ಉಳಿಸಿಹೋದ ಚೂರುಪಾರು ಜಲ್ಲಿ. ಕಳೆದ ಏಪ್ರಿಲ್‌ನಲ್ಲಿ ಅಲ್ಲಿಂದ ಹಗಲು ರಾತ್ರಿ ಎನ್ನದೆ ಒಂದು ಹಕ್ಕಿ ಕಿರುಚತೊಡಗಿತು. ನಾಯಿ ಬಂದರೆ ಕಿರುಚು, ಹಸು ಬಂದರೆ ಕಿರುಚು, ನಾನು ಬಟ್ಟೆ ಹರವಲು ತಾರಸಿ ಹತ್ತಿದರೂ ಕಿರುಚು. ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಜೋಲು. "ಟಿಟ್ಟಿಭ ಸಾರ್" ಅಂದರು ಮೇಷ್ಟ್ರು. "ಆಕಾಶ ಕಳಚಿಬಿದ್ದರೆ ಹಿಡಿಯೋಕೆ ಅಂತ ಕಾಲು ಮೇಲೆ ಮಾಡಿ ಮಲಗುತ್ತಂತೆ. ಮೊಟ್ಟೆ ಇಟ್ಟಿದೆ, ಅಲ್ನೋಡಿ." ಅವರು ಬೆರಳು ತೋರಿಸಿದ ಕಡೆ ಐದು ನಿಮಿಷ ನೋಡಿದ ಮೇಲೆ ಜಲ್ಲಿಯಲ್ಲಿ ನಾಲ್ಕು ಕಲ್ಲು ಕಲ್ಲಲ್ಲ ಎಂದು ಗೊತ್ತಾಯಿತು. ಗೂಡು ಎಂಬುದೇ ಇಲ್ಲ, ನೆಲದಲ್ಲಿ ಒಂದು ತಗ್ಗು ಅಷ್ಟೆ. ಉರಿ ಬಿಸಿಲಿನಲ್ಲಿ ಗಂಡು ಹೆಣ್ಣು ಸರದಿಯ ಮೇಲೆ ಕೂರುತ್ತಿದ್ದವು. ನಲ್ಲಿ ಸೋರಿ ನಿಂತ ನೀರಿನಲ್ಲಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತಿದ್ದವು.

ಒಂದು ಮಧ್ಯಾಹ್ನ ಟ್ರ್ಯಾಕ್ಟರ್ ಬಂತು. ಆಚೆ ಸೈಟಿನಲ್ಲಿ ಪಾಯ ತೆಗೆಯುತ್ತಿದ್ದರು, ಇಲ್ಲಿ ಮರಳು ಸುರಿಯುವ ಅಂದಾಜು. ಹಿಂದಕ್ಕೆ ಬರುತ್ತಿದ್ದಂತೆ ಪಂಚೆ ಬನಿಯನ್ನಿನಲ್ಲೇ ಮೇಷ್ಟ್ರು ರಸ್ತೆಗೆ ಹಾರಿದರು. "ಏಯ್! ನಿಲ್ಸಯ್ಯಾ!" ಅವರ ಗಂಟಲಲ್ಲಿ ಅಷ್ಟು ದನಿ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಿಟಕಿಗಳೆಲ್ಲ ತೆರೆದವು.

"ಯಾಕ್ ಸಾರ್, ನಿಮ್ದಾ ಸೈಟು?"

"ನಂದಲ್ಲಪ್ಪ. ಅದರದು."

ಡ್ರೈವರ್ ಹಕ್ಕಿಯನ್ನು ನೋಡಿದ, ಮೇಷ್ಟ್ರನ್ನು ನೋಡಿದ, ತಲೆ ಕೆರೆದುಕೊಂಡು ಆ ಕಡೆ ಹೋಗಿ ಸುರಿದ. ಸಂಜೆ ಮೇಷ್ಟ್ರು ಹಳೇ ಇಟ್ಟಿಗೆ ನಾಲ್ಕು ತಂದು ದೂರದಲ್ಲಿ ಗುರುತಿಗೆ ನಿಲ್ಲಿಸಿದರು. ಉಪಕಾರ ಗೊತ್ತಿಲ್ಲದ ಹಕ್ಕಿ ಅವರ ನೆತ್ತಿಯ ಮೇಲೇ ಹಾರಿ ಹಾರಿ ಬೈದಿತು.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಮೊಟ್ಟೆ ಇಲ್ಲ, ಹಕ್ಕಿಯೂ ಇಲ್ಲ. ಮುಂಗುಸಿ ತಿಂದಿರಬೇಕು ಅಂದಳು ಮೂಲೆ ಮನೆಯ ಹುಡುಗಿ. ಈ ಜಾತಿಯ ಮರಿ ಮೊಟ್ಟೆಯಿಂದ ಬಂದ ಸ್ವಲ್ಪ ಹೊತ್ತಿಗೇ ಎದ್ದು ಓಡಾಡುತ್ತದೆ, ತಾಯಿ ಕರೆದುಕೊಂಡು ಹೋಗಿರುತ್ತದೆ ಅಂದರು ಮೇಷ್ಟ್ರು. ಅಂದವರು ಆ ದಿನವೆಲ್ಲ ಗೇಟಿನ ಹತ್ತಿರವೇ ಇದ್ದರು.

ಅಂದು ರಾತ್ರಿ ನಾನೂ ಇವಳೂ ಫ್ಯಾನು ಆರಿಸಿ ಮಲಗಿದೆವು. ಸೆಕೆ. ಎರಡನೇ ಕ್ರಾಸಿನ ನಾಯಿ, ಯಾರದೋ ಮೋಟಾರು, ಆಮೇಲೆ ಅದೂ ನಿಂತಿತು. ಹನ್ನೆರಡರ ಸುಮಾರಿಗೆ ಲಿಂಗಾಂಬುಧಿ ಕೆರೆಯ ದಿಕ್ಕಿನಿಂದ ಬಹಳ ದೂರದಲ್ಲಿ, ಅದೇ ಬೈಗುಳ.

ಬೆಳಿಗ್ಗೆ ಬಕೆಟ್ ಹಿಡಿದು ಹೋದಾಗ ಮೇಷ್ಟ್ರು ಕಾಯುತ್ತಿದ್ದರು. "ರಾತ್ರಿ ಕೇಳಿಸ್ತಾ ಸಾರ್?"

"ಕೇಳಿಸ್ತು ಸಾರ್. ಎರಡು ಸಲ."

"ಮೂರು" ಅಂದರು.