ಸತ್ಯಾಂಶ: ‘ಬರ್ನ್‌ಔಟ್’ ಕಾಯಿಲೆಯೆಂದು ಘೋಷಣೆಯಾಗಿಲ್ಲ

‘ಬರ್ನ್‌ಔಟನ್ನು (ಕೆಲಸದ ಒತ್ತಡದಿಂದ ಬಳಲಿಹೋಗುವುದನ್ನು) ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯೆಂದು ಘೋಷಿಸಿದೆ, ವೈದ್ಯರು ಅದರ ಕೋಡ್ ಬರೆದುಕೊಟ್ಟರೆ ಕಂಪನಿ ರಜೆ ಕೊಡಲೇಬೇಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಮೊದಲರ್ಧವೇ ತಪ್ಪು.

ಕಾಯಿಲೆಗಳಿಗೂ ಆರೋಗ್ಯಕ್ಕೆ ಸಂಬಂಧಿಸಿದ ಇತರ ಅಂಶಗಳಿಗೂ ಕೋಡ್ ಕೊಡುವ ಈ ಸಂಸ್ಥೆಯ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ರೋಗ ವರ್ಗೀಕರಣದ 11ನೇ ಆವೃತ್ತಿಗೆ 2019ರ ಮೇ ತಿಂಗಳಲ್ಲಿ ಅಂಗೀಕಾರ ದೊರೆತಾಗ ಪತ್ರಿಕೆಗಳೂ ಹೀಗೆಯೇ ಬರೆದಿದ್ದವು; ಬರ್ನ್‌ಔಟ್ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೇ ಹೊರತು ವೈದ್ಯಕೀಯ ಸ್ಥಿತಿಯಲ್ಲ ಎಂದು ಸಂಸ್ಥೆಯೇ ಅದೇ ತಿಂಗಳು ಸ್ಪಷ್ಟಪಡಿಸಿತು. ಅದರ ಕೋಡ್ ಕ್ಯೂಡಿ85 ಇರುವುದು ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಲ್ಲ, ಆರೋಗ್ಯದ ಮೇಲೆ ಪ್ರಭಾವ ಬೀರುವ ಅಂಶಗಳ ಅಧ್ಯಾಯದಲ್ಲಿ. ನಿಭಾಯಿಸಲಾಗದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದಿಂದ ಶಕ್ತಿ ಉಡುಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನಿಂದ ಏನೂ ಆಗುತ್ತಿಲ್ಲವೆನಿಸುವುದು ಅದರ ಲಕ್ಷಣಗಳು. ಮನೆಯ ಜಂಜಾಟದ ದಣಿವಿಗೆ ಈ ಕೋಡ್ ಅನ್ವಯಿಸುವುದಿಲ್ಲ.

ಇದು ಹೊಸದೂ ಅಲ್ಲ. ಹಿಂದಿನ ಆವೃತ್ತಿಯಲ್ಲಿ ಬರ್ನ್‌ಔಟ್‌ನ ಕೋಡ್ ಝಡ್73.0 ಎಂದಿತ್ತು, ಅದರಲ್ಲೇ ನಿರುದ್ಯೋಗ, ಕೆಲಸ ಹೋಗುವ ಭಯ, ಮೇಲಧಿಕಾರಿಯೊಡನೆ ಜಗಳ ಇಂಥವಕ್ಕೂ ಝಡ್56 ಎಂಬ ಗುಂಪೇ ಇದೆ. ರಕ್ತದೊತ್ತಡದ ರೋಗಿ ಒತ್ತಡದ ಕೆಲಸದ ವೇಳಾಪಟ್ಟಿಯಲ್ಲಿ ದುಡಿಯುತ್ತಿದ್ದರೆ ಐ10 ಎಂಬ ರೋಗದ ಕೋಡ್ ಜೊತೆಗೆ ಝಡ್56.3 ಸೇರಿಸಬಹುದು. ಮೊದಲನೆಯದು ಕಾಯಿಲೆಯನ್ನು ಹೇಳುತ್ತದೆ, ಎರಡನೆಯದು ಅದರ ಹಿನ್ನೆಲೆಯನ್ನು. ರಜೆಯ ಹಕ್ಕು ಬರುವುದು ದೇಶದ ಕಾನೂನು ಮತ್ತು ಕಂಪನಿಯ ನಿಯಮಗಳಿಂದ, ಕೋಡಿನಿಂದಲ್ಲ.